ಮೂಗಿನ ಹಿಂಬಾಗಿಲು

ಹಾಲು ಸೀದು, ಪಾತ್ರೆಯ ತಳ ಕರಕಾಗಿ, ಮನೆಯೆಲ್ಲ ಹೊಗೆ ತುಂಬಿದಾಗ ನಾನು ಒಲೆಯ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಕಣ್ಣು ಉರಿಯತೊಡಗಿದ ಮೇಲಷ್ಟೇ ತಿರುಗಿ ನೋಡಿದ್ದು. ಅಮ್ಮ ದೇವರ ಮುಂದಿನಿಂದ ಎದ್ದು ಓಡಿಬಂದು ಒಲೆ ಆರಿಸಿ, ತಮಿಳು ಬೆರೆತ ನಮ್ಮ ಮದ್ರಾಸ್ ಕನ್ನಡದಲ್ಲಿ ಕೂಗಿದಳು.

"ಏನ್ ಆಚು ಶ್ರೀಪ್ರಿಯಾ ನಿಂಗೆ? ಬೀದಿ ತುದೀಗೂ ನಾತ ಹೊಡೀತಿದೆ, ಪಕ್ಕದಲ್ಲಿ ನಿಂತಿರೋ ನಿಂಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದುಕೊಂಡೆ. ಏನೂ ಇಲ್ಲ. ಕರ್ಪೂರ, ಕಾಫಿಪುಡಿ, ಕೊನೆಗೆ ಫಿನಾಯಿಲ್ ಬಾಟಲಿ. ಏನೂ ಇಲ್ಲ. ಮೂರು ದಿನ ಕಾಡಿದ ಜ್ವರ ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಗಿತ್ತು.

ಬೇರೆಯವರಾಗಿದ್ದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ನನ್ನ ಅನ್ನ ಇರುವುದೇ ಮೂಗಿನಲ್ಲಿ. ಪಲ್ಲಾವರಂ ಕಡೆ, ಏರ್‌ಪೋರ್ಟಿಗೆ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ಅತಿಥಿಗಳಿಗೆ ವೈನ್ ಆರಿಸಿಕೊಡುವ ಕೆಲಸ ನನ್ನದು. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆಯ ಹುಡುಗಿಗೆ ಇದೆಂಥ ಕೆಲಸ ಎಂದು ಮೂಗು ಮುರಿಯದ ನೆಂಟರಿಲ್ಲ. ಮುರಿಯಲಿ ಬಿಡಿ, ಅವರ ಮೂಗು, ಅವರ ಇಷ್ಟ. ಆದರೆ ಅವರಿಗೂ ಹೋಟೆಲಿನವರಿಗೂ ಗೊತ್ತಿಲ್ಲದ ಒಂದು ವಿಷಯವಿತ್ತು. ಈ ಕೆಲಸಕ್ಕೆ ಸೇರಿದಾಗಿನಿಂದ ನಾನು ಒಂದು ತೊಟ್ಟು ವೈನನ್ನೂ ಬಾಯಿಗೆ ಹಾಕಿಕೊಂಡವಳಲ್ಲ.

ಇದನ್ನು ಕಲಿತದ್ದು ಅಮ್ಮನಿಂದ. ನಮ್ಮಲ್ಲಿ ದೇವರ ನೈವೇದ್ಯಕ್ಕೆ ಮಾಡಿದ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ಅಮ್ಮ ಕುದಿಯುವ ಸಾರಿನ ಮೇಲೆ ಬಾಗಿ, ಆವಿಯನ್ನು ಒಮ್ಮೆ ಎಳೆದುಕೊಂಡು, "ಹುಳಿ ಇನ್ನೊಂಚೂರು ಬೇಕು" ಅನ್ನುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ. ನಾನು ವೈನನ್ನೂ ಹಾಗೇ ಕಲಿತೆ. ಲೋಟ ತಿರುಗಿಸಿ, ಬಾಗಿ, ಎಳೆದುಕೊಂಡು ಹೇಳಿಬಿಡುತ್ತಿದ್ದೆ. ನೋಡಿದವರು ಇದು ನನ್ನ ಸ್ಟೈಲ್ ಅಂದುಕೊಂಡರು. ಅಮ್ಮ ಈ ಕೆಲಸಕ್ಕೆ ಒಪ್ಪಿದ್ದೂ ಅದೊಂದೇ ಷರತ್ತಿನ ಮೇಲೆ. "ಮುಟ್ಟು, ಮೂಸು, ಬಾಯೊಳಗೆ ಮಾತ್ರ ಹೋಗಬಾರದು. ಹೋದ ದಿನ ನನ್ನ ಅಡಿಗೆಮನೆ ಮೆಟ್ಟಿಲು ಹತ್ತಬೇಡ."

ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, "ಬರಬಹುದು. ಕೆಲವರಿಗೆ ಬರದೆಯೂ ಇರಬಹುದು" ಎಂದರು, ಮಳೆಯ ವಿಷಯ ಮಾತಾಡುವ ಹಾಗೆ. ಆಮೇಲೆ ನನಗೆ ಎಲ್ಲದಕ್ಕೂ ಹೆದರಿಕೆ. ಊಟ ಹಳಸಿದೆಯೋ, ಗ್ಯಾಸ್ ಸೋರುತ್ತಿದೆಯೋ, ನನ್ನ ಮೈ ಬೆವರು ನಾರುತ್ತಿದೆಯೋ, ಒಂದೂ ತಿಳಿಯದು. ದಿನಕ್ಕೆರಡು ಸಲ ಸ್ನಾನ ಮಾಡಿದೆ. ಅಮ್ಮ ಬೆಳಗಾದರೆ ಗಂಧ ತೇಯ್ದು ನನ್ನ ಮೂಗಿನ ಕೆಳಗೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದರೆ ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವಳು ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಹೀಗಿರುವಾಗಲೇ ಆಸ್ಟ್ರಿಯಾದಿಂದ ಗೆರ್ಲಿಂಡೆ ಎಂಬಾಕೆ ಬರುವ ದಿನ ಬಂತು. ಸ್ವಂತ ದ್ರಾಕ್ಷಿತೋಟ ಇಟ್ಟುಕೊಂಡು ಕೆಂಪು ವೈನ್ ಮಾಡುವ ಹೆಂಗಸು. ಹೋಟೆಲಿನ ವೈನ್ ವಿಭಾಗಕ್ಕೆ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡಬೇಕಿತ್ತು. ಆಕೆಯ ಮೂರು ಬಾಟಲಿಗಳನ್ನು ಹೆಸರು ಕಾಣದಂತೆ ಸುತ್ತಿಟ್ಟು, ದೊಡ್ಡವರ ಎದುರು ನಾನು ಗುರುತಿಸಬೇಕು. ಗುರುತಿಸಿದರೆ ಜಾಗ ನನ್ನದು. ತಪ್ಪಿದರೆ ಜಾಗವಷ್ಟೇ ಅಲ್ಲ, ಮೂಗು ಹೋದ ಸಂಗತಿಯೂ ಬಯಲಾಗುತ್ತದೆ. ಮೂಗಿಲ್ಲದವಳ ಕೈಗೆ ವೈನ್ ಬಾಟಲಿ ಯಾರು ಕೊಡುತ್ತಾರೆ?

ರಜೆ ಕೇಳೋಣವೆಂದು ಮ್ಯಾನೇಜರ್ ಅಂದಾನಿಯವರ ಹತ್ತಿರ ಹೋದೆ. ಗದಗದ ಕಡೆಯವರು, ನನ್ನ ಹೆಸರನ್ನು ಈ ಜಾಗಕ್ಕೆ ಮುಂದೆ ಮಾಡಿದವರೂ ಅವರೇ.

"ಏನ್ರಿ, ಮಾರಿ ಯಾಕ ಹಿಂಗ ಸಣ್ಣ ಆಗೇದ? ಜ್ವರ ಇನ್ನೂ ಅದ ಏನು?"

"ಇಲ್ಲ ಸಾರ್, ಜುರ ಬಿಟ್ಟಿದೆ. ಆದರೆ..."

"ಆದರ ಗೀದರ ಬ್ಯಾಡ. ನಾ ಎಲ್ಲಾರ ಮುಂದ ಹೇಳೀನಿ, ನಮ್ಮ ಶ್ರೀಪ್ರಿಯಾನ ಮೂಗು ಅಂದ್ರ ಮೂಗು ಅಂತ. ನನ್ನ ಮರ್ಯಾದಿ ಉಳಸ್ರಿ."

ರಜೆ ಕೇಳದೆಯೇ ಹೊರಗೆ ಬಂದೆ.

ಮೇಜಿನ ಮೇಲೆ ಬಿಳಿ ಬಟ್ಟೆ, ಮೂರು ಲೋಟ, ಪಕ್ಕದಲ್ಲಿ ಉಗುಳಲು ಒಂದು ಸ್ಟೀಲ್ ಪಾತ್ರೆ. ಎದುರಿಗೆ ಅಂದಾನಿ, ಹೋಟೆಲಿನ ಇಬ್ಬರು ಹಿರಿಯರು, ಗೆರ್ಲಿಂಡೆ. ಆಕೆಯದು ಬಿಸಿಲಲ್ಲಿ ದುಡಿದ ಕೈ, ಉಗುರಿನ ಅಂಚಿನಲ್ಲಿ ಬಿಡದ ಕಪ್ಪು ಕಲೆ. ಆಕೆ ನಿಧಾನವಾದ ಇಂಗ್ಲಿಷಿನಲ್ಲಿ, ಈ ಮೂರೂ ಒಂದೇ ಸಂಸಾರ ಎಂದಳು. ಬ್ಲೌಫ್ರೆಂಕಿಶ್, ಸಾಂಕ್ಟ್ ಲೌರೆಂಟ್ ಎಂಬ ಎರಡು ಹಳೆಯ ದ್ರಾಕ್ಷಿ ತಳಿಗಳನ್ನು ಕೂಡಿಸಿ, ಸುಮಾರು ನೂರು ವರ್ಷದ ಕೆಳಗೆ ಹುಟ್ಟಿಸಿದ್ದು ತ್ಸ್ವೈಗೆಲ್ಟ್. ಮಗು ಯಾವುದು, ಹೆತ್ತವರು ಯಾರು, ಹೇಳು ನೋಡೋಣ.

ಅದೆಲ್ಲ ನನಗೆ ಬಾಯಿಪಾಠ. ತ್ಸ್ವೈಗೆಲ್ಟ್ ಎಂದರೆ ಹುಳಿ ಚೆರ್ರಿ. ಬ್ಲೌಫ್ರೆಂಕಿಶ್ ಎಂದರೆ ನೇರಳೆಯಂಥ ಕಪ್ಪು ಹಣ್ಣು, ಅದರ ಮೇಲೆ ಕರಿಮೆಣಸು. ಸಾಂಕ್ಟ್ ಲೌರೆಂಟ್ ಎಂದರೆ ಮಾಗಿದ ಹಣ್ಣಿನ ಅಡಿಯಲ್ಲಿ ಒದ್ದೆ ಎಲೆ, ಮಣ್ಣು. ಎಷ್ಟೋ ಅತಿಥಿಗಳಿಗೆ ಹೇಳಿ ಮೆಚ್ಚಿಸಿದ್ದೇನೆ. ಮೊದಲ ಲೋಟ ಎತ್ತಿ ತಿರುಗಿಸಿ ಬಾಗಿದೆ. ನಲ್ಲಿ ನೀರಿಗೆ ಮೂಗು ಇಟ್ಟ ಹಾಗಿತ್ತು. ಎರಡನೆಯದು, ಮೂರನೆಯದು, ಅಷ್ಟೇ. ಮತ್ತೆ ಮೊದಲನೆಯದು. ಬೆನ್ನಲ್ಲಿ ಬೆವರು ಇಳಿಯಿತು. ಅಂದಾನಿ ಇನ್ನೂ ನಗುತ್ತಿದ್ದರು. ಹಿರಿಯರಲ್ಲೊಬ್ಬರು ವಾಚ್ ನೋಡಿಕೊಂಡರು.

ಇನ್ನು ಉಳಿದದ್ದು ನಾಲಿಗೆ ಒಂದೇ. ಸಾರಿನಲ್ಲಿ ಹುಳಿ ಗೊತ್ತಾಗುತ್ತದೆ, ಬಾಳೆಕಾಯಿಯಲ್ಲಿ ಒಗರು ಗೊತ್ತಾಗುತ್ತದೆ, ಅಷ್ಟಾದರೂ ಸಿಕ್ಕೀತು ಎಂದುಕೊಂಡೆ. ಅಮ್ಮನ ಮುಖ ಕಣ್ಣಮುಂದೆ ಬಂತು. ಲೋಟ ಹಲ್ಲಿಗೆ ತಾಕಿತು. ಒಂದು ಗುಟುಕು ಬಾಯಿಗೆ ಹೋಯಿತು.

ಈಗ ಉಗುಳಬೇಕು. ಎಲ್ಲರೂ ಉಗುಳುವುದನ್ನು ನಾನು ದಿನಾ ನೋಡುತ್ತೇನೆ. ಆದರೆ ನನ್ನಿಂದ ಆಗಲಿಲ್ಲ. ದೊಡ್ಡವರ ಎದುರು ಉಗುಳಿದರೆ ಬೆನ್ನಿಗೆ ಗುದ್ದು ಬೀಳುವ ಮನೆ ನಮ್ಮದು. ಬಾಯಿಗೆ ಹೋದದ್ದನ್ನು, ತೀರ್ಥದ ಹಾಗೆ, ನುಂಗಲೇಬೇಕು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕಷಾಯ ಕುಡಿದ ಹಾಗೆ ನುಂಗಿಬಿಟ್ಟೆ. ಹುಳಿ, ಸ್ವಲ್ಪ ಒಗರು. ಅಷ್ಟೇ. ಅಷ್ಟಕ್ಕೆ ಯಾವ ಹೆಸರು ಹೇಳುವುದು? ಅಮ್ಮನಿಗೆ ಕೊಟ್ಟ ಮಾತನ್ನು ಸುಮ್ಮಸುಮ್ಮನೆ ಕಳೆದುಕೊಂಡೆನಲ್ಲ ಎಂದು ಅಳು ಬಂತು.

ಎರಡನೆಯದನ್ನು ಅದೇ ಭಯದಲ್ಲಿ ಅವಸರವಾಗಿ ನುಂಗಲು ಹೋದೆ. ಗಂಟಲಿಗೆ ಸಿಕ್ಕಿಕೊಂಡಿತು. ಬಾಯಿ ಬಿಗಿದುಕೊಂಡೇ ಕೆಮ್ಮಿದೆ. ಉಸಿರೆಲ್ಲ ಗಂಟಲಿನಿಂದ ಮೇಲೆದ್ದು ಮೂಗಿನಿಂದ ಹೊರಗೆ ನುಗ್ಗಿತು.

"ಮೆಣಸು!" ಎಂದು ಕೂಗಿಬಿಟ್ಟೆ. "ಮೆಣಸು, ಮೆಣಸು!"

ಗೆರ್ಲಿಂಡೆ ಬೆಚ್ಚಿ ಅಂದಾನಿಯವರ ಮುಖ ನೋಡಿದಳು. ಅವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಕೆಯ ಹುಬ್ಬು ಮೇಲೇರಿತು. ನನಗೆ ಅವರ ಪರಿವೆಯೇ ಇಲ್ಲ. ಮತ್ತೊಂದು ಗುಟುಕು ಕುಡಿದು, ಬಾಯಿ ಮುಚ್ಚಿ, ಉಸಿರನ್ನು ಬೇಕೆಂದೇ ಮೂಗಿನಿಂದ ಬಿಟ್ಟೆ. ನೇರಳೆ ಬಂತು, ಅದರ ಮೇಲೆ ಆಗ ತಾನೇ ಕುಟ್ಟಿದ ಕರಿಮೆಣಸು ಬಂತು. ಇದು ಬ್ಲೌಫ್ರೆಂಕಿಶ್. ಮೂರನೆಯದರಲ್ಲಿ ಒದ್ದೆ ಎಲೆ ಇತ್ತು. ಮೊದಲನೆಯದಕ್ಕೆ ಮರಳಿದೆ, ಚೆರ್ರಿ ಅಲ್ಲೇ ಕೂತಿತ್ತು, ಉಸಿರು ಬಿಗಿಹಿಡಿದಿದ್ದರಿಂದ ಸಿಕ್ಕಿರಲಿಲ್ಲ. ಮೂರೂ ಹೆಸರು ಹೇಳಿದೆ. ಗೆರ್ಲಿಂಡೆ ಎದ್ದು ಬಂದು ಒರಟು ಅಂಗೈಗಳಲ್ಲಿ ನನ್ನ ಕೈ ಹಿಡಿದುಕೊಂಡಳು.

"ನಾ ಹೇಳಿದ್ನಿಲ್ಲೋ? ಮೂಗು ಅಂದ್ರ ಮೂಗು!" ಎಂದು ಅಂದಾನಿ ಎಲ್ಲರ ಕಡೆ ತಿರುಗಿದರು.

ಅವರು ಬಾಟಲಿಗಳ ಹೊದಿಕೆ ಬಿಚ್ಚುತ್ತಿರುವಾಗ ನಾನು ಸದ್ದಿಲ್ಲದೆ ಲೋಟವೊಂದನ್ನು ಮೂಗಿನ ಕೆಳಗೆ ಹಿಡಿದು ನೋಡಿದೆ. ಏನೂ ಇಲ್ಲ. ಮತ್ತೆ ಎಳೆದೆ. ಏನೂ ಇಲ್ಲ. ನುಂಗಿದರೆ ಮಾತ್ರ ಬರುತ್ತದೆ, ಮೂಸಿದರೆ ಬರುವುದಿಲ್ಲ. ಮೂಗಿನ ಮುಂಬಾಗಿಲು ಮುಚ್ಚಿಕೊಂಡೇ ಇತ್ತು, ಗಂಟಲ ಕಡೆಯ ಹಿಂಬಾಗಿಲು ಮಾತ್ರ ಇವತ್ತು ತೆರೆದುಕೊಂಡಿತ್ತು. ಈ ಕೆಲಸ ಬೇಕಾದರೆ ಇನ್ನು ದಿನಾ ಕುಡಿಯಬೇಕು. ಬೆಳಗಿನಿಂದ ಪಟ್ಟ ಭಯ ಏನೂ ಅಲ್ಲ ಅನ್ನಿಸುವಷ್ಟು ಭಯ ಆಗ ಹಿಡಿಯಿತು.

ಪಲ್ಲಾವರಂ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋನ್ ಮಾಡಿದೆ. ಮನೆಗೆ ಹೋಗಿ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ.

"ಅಮ್ಮಾ, ವಾಸನೆ ಬಂತು."

"ರಾಯರೇ!" ಅಮ್ಮನ ದನಿ ಒಡೆಯಿತು. ಮೂಗು ಸೇದುವುದು ಕೇಳಿಸಿತು. "ಎಂಥ ವಾಸನೆ ಬಂತೇ ಮೊದ್ಲು?"

"ಮೆಣಸು."

"ಮೆಣಸಾ? ಅಲ್ಲಿ ಕ್ಯಾಂಟೀನಲ್ಲಿ ಸಾರು ಕುಡಿದ್ಯಾ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಳೆಯೂ ಹೂಂ ಅನ್ನಬೇಕು, ನಾಡಿದ್ದೂ ಅನ್ನಬೇಕು. ಗಂಧದ ಬಟ್ಟಲು ಹಿಡಿದು ನನ್ನ ಮುಖ ನೋಡುತ್ತಿದ್ದವಳಿಗೆ ಅಷ್ಟೊಂದು ಸುಳ್ಳು ಹೇಳಲು ನನ್ನಿಂದಾಗದು.

"ಇಲ್ಲಮ್ಮಾ. ವೈನ್ ಬಾಯಿಗೆ ಹಾಕ್ಕೊಂಡೆ. ನುಂಗಿದೆ. ನುಂಗಿದ ಮೇಲೇನೇ ಬಂದದ್ದು."

ಫೋನ್ ಇಟ್ಟುಬಿಟ್ಟಳೇನೋ ಎಂದು ನೋಡಿದೆ, ಇಟ್ಟಿರಲಿಲ್ಲ. ರೈಲೊಂದು ಬಂದು, ಜನ ಇಳಿದು, ಹತ್ತಿ, ಹೋಯಿತು.

"ಬಾಯಿಗೆ ಹಾಕ್ಕೊಳ್ಳದೆ ಬರಲ್ವಾ?" ಅಮ್ಮ ಕೊನೆಗೆ ಕೇಳಿದಳು.

"ಮುಂದೆ ಯಾವತ್ತಾದ್ರೂ ಬರಬಹುದೇನೋ. ಈಗ ಬರಲ್ಲ."

"ಅಂದ್ರೆ ದಿನಾ."

"ಹೂಂ. ದಿನಾ."

ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡೆ.

"ಸರಿ, ಸೀಕ್ರಂ ಬಾ," ಎಂದಳು ಅಮ್ಮ. "ಬಂದು ನೇರ ಬಚ್ಚಲಿಗೆ ಹೋಗು. ತಲೆಗೆ ನೀರು ಹಾಕ್ಕೊಂಡು ಆಮೇಲೆ ಅಡಿಗೆಮನೆಗೆ ಬಾ. ದಿನಾ ಹಾಗೇ ಮಾಡು."

ಮುಂದಿನ ರೈಲು ಬರುವುದು ಕಂಡು ನಾನು ಪ್ಲಾಟ್‌ಫಾರ್ಮಿನ ಅಂಚಿನ ಕಡೆ ನಡೆದೆ.

"ಬೇಡ, ತಲೆಗೆ ಹಾಕ್ಕೋಬೇಡ," ಎಂದಳು ಆಮೇಲೆ. "ಜುರ ಬಿಟ್ಟ ಮೈ. ಬಾಯಿ ಮುಕ್ಕಳಿಸಿ ಕೈಕಾಲು ತೊಳ್ಕೊಂಡು ಬಾ, ಸಾಕು."