ನಿತಾಯಿಯ ಕಾಲು

ಸೂಗಪ್ಪನ ಹೋಟೆಲಿನ ಮುಂದೆ ಬೆಂಚಿನ ಮೇಲೆ ಕೂರುತ್ತಿದ್ದವರಿಗೆ ಗೊತ್ತಿಲ್ಲದ ವಿಷಯ ಸಿಂಧನೂರಿನಲ್ಲಿ ಇರಲಿಲ್ಲ. ಗೊತ್ತಿಲ್ಲದಿದ್ದರೂ ಮಾತಾಡದೆ ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಫುಟ್‌ಬಾಲಿನ ವಿಷಯದಲ್ಲಂತೂ ಕೇಳಲೇಬೇಡಿ. ಒಬ್ಬನನ್ನು ಬಿಟ್ಟರೆ ಯಾರೂ ಜನ್ಮದಲ್ಲಿ ಚೆಂಡು ಒದ್ದವರಲ್ಲ. ಆದರೆ ಮೈದಾನದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರಿಗೆ ಚೆಂಡು ಕೊಡಬೇಕು ಎನ್ನುವುದನ್ನು ಮಿರ್ಚಿ ಕಡಿಯುತ್ತಲೇ ತೀರ್ಮಾನ ಮಾಡಿಬಿಡುತ್ತಿದ್ದರು.

ಎಂಬತ್ತೊಂಬತ್ತರ ಜನವರಿ. ಶನಿವಾರ ಮುಂಜಾನೆ. ಮರುದಿನ ಮಧ್ಯಾಹ್ನ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್. ಸಿಂಧನೂರಿನ ತಂಡ ಲಿಂಗಸುಗೂರನ್ನು ಸೋಲಿಸಿತ್ತು, ಮಸ್ಕಿಯನ್ನು ಹೇಗೋ ಒಂದು ಗೋಲಿನಿಂದ ದಾಟಿ ಬಂದಿತ್ತು. ಎದುರಿಗೆ ಆರ್.ಎಚ್. ಕ್ಯಾಂಪಿನಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಲಿಗಳು. ಅವರು ಊಟ ಬಿಟ್ಟಾರು, ಫುಟ್‌ಬಾಲ್ ಬಿಟ್ಟಾರೆಯೇ? ಮೂರು ವರ್ಷದಿಂದ ಕಪ್ ಅವರದೇ. ಅದರಲ್ಲೂ ನಿತಾಯಿ ಎಂಬ ಹುಡುಗನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಮುಗಿಯಿತು. ಹೋದ ವಾರವಷ್ಟೇ ಮುದಗಲ್ಲಿನವರಿಗೆ ನಾಲ್ಕು ಗೋಲು ಹೊಡೆದಿದ್ದ.

"ನಿತಾಯಿನ್ನ ಹಿಡಿದ್ರ ಆಟ ನಮ್ದು," ಎಂದ ಸೂಗಪ್ಪ, ಚಾ ಸೋಸುತ್ತ.

"ಹಿಡಿಯಾಕ ಅವನೇನು ಕೋಳಿ ಏನಪಾ?" ಎಂದರು ಸೈಕಲ್ ಅಂಗಡಿಯ ಹಾಜಿಸಾಬರು. ಬೆಂಚಿನಲ್ಲಿ ಅವರೇ ಹಿರಿಯರು. "ನಮ್ಮ ತಂಡದಾಗ ಬಸ್ಸಪ್ಪ ಒಬ್ಬನೇ ಅವನ ಸರಿಸಮ ಓಡಾಂವ. ಅವನ್ನ ನಿತಾಯಿ ಬೆನ್ನಿಗೆ ಬಿಟ್ರ, ಮುಂದ ಗೋಲ್ ಹೊಡಿಯೋರ್ಯಾರು?"

ಬೆಂಚಿನ ತುದಿಯಲ್ಲಿ ಅಂಬಪ್ಪ ತನ್ನ ಪಾಡಿಗೆ ಚಾ ಕುಡಿಯುತ್ತಿದ್ದ. ಅಲ್ಲಿ ಕೂತವರಲ್ಲಿ ಅವನೊಬ್ಬನೇ ನಿಜವಾಗಿ ತಂಡದಲ್ಲಿದ್ದವನು. ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ತೂಗುವ ಕೆಲಸ, ವಯಸ್ಸು ಮೂವತ್ತಾರು. ಹನ್ನೆರಡು ವರ್ಷದಿಂದ ತಂಡದಲ್ಲಿದ್ದ, ಯಾರಿಗಾದರೂ ಜ್ವರ ಬಂದರೆ ಸಣ್ಣಪುಟ್ಟ ಪಂದ್ಯ ಆಡಿದ್ದ. ಫೈನಲ್ ಒಂದನ್ನೂ ಆಡಿರಲಿಲ್ಲ. ಫೈನಲ್ಲಿನ ದಿನ ಅವನ ಕೆಲಸ ಒಂದೇ, ಅರ್ಧ ಆಟ ಮುಗಿದಾಗ ನಿಂಬೆಹಣ್ಣು ಹೆಚ್ಚಿ ಕೊಡುವುದು.

ಅಷ್ಟರಲ್ಲಿ ಗೊಬ್ಬರದಂಗಡಿಯ ವೆಂಕೋಬ ಸೈಕಲ್ ತುಳಿದುಕೊಂಡು ಬಂದ. ಇಳಿಯುವ ಮುಂಚೆಯೇ ಕೂಗಿದ.

"ಗೆದ್ವಿ ತಗೋರಿ! ನಿತಾಯಿ ಕಾಲು ಹೋಗೈತಿ!"

"ಯಾರ್ಲೇ ಹೇಳಿದ್ರು ನಿನಗ?"

"ಅವರವ್ವನೇ ಹೇಳ್ಯಾಳ. ಕ್ಯಾಂಪಿಗೆ ಬೆಳಿಗೆ ಹೊಡಿಯೋ ಔಷಧಿ ಡಬ್ಬಿ ಕೊಡಾಕ ಹೋಗಿದ್ನಿ. ಏನೂ ಗೊತ್ತಿಲ್ಲದಂಗ, 'ನಿತಾಯಿ ಅದಾನೇನಬೇ?' ಅಂದೆ. ಆಕಿ ಕೈ ಅಲ್ಲಾಡಿಸಿ, 'ಆಜ್ ನಾ! ಕಾಲ್, ಕಾಲ್!' ಅಂದ್ಳು. ಕಲ್ಲಿನ ಮ್ಯಾಲ ಇಷ್ಟು ಅರಿಷಿಣ ಅರಿಯಾಕತ್ತಿದ್ಳು. ಉಳುಕಿಗೆ ಹಚ್ಚಾಕಲ್ದ ಮತ್ಯಾತಕ್ಕ?"

"ಬಂಗಾಲಿ ಹೆಣಮಗಳು ಕನ್ನಡದಾಗ ಕಾಲು ಅಂದ್ಳೇನು?" ಸೂಗಪ್ಪನಿಗೆ ಅನುಮಾನ.

"ಇಷ್ಟು ವರ್ಷ ಇಲ್ಲೇ ಅದಾರ, ಕಾಲು ಅನ್ನಾಕ ಬರಂಗಿಲ್ಲೇನು?"

ಹಾಜಿಸಾಬರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು. "ಆಜ್ ನಾ ಅಂದ್ರ ಇವತ್ತಿಲ್ಲ. ಅದು ನಮ್ಮ ಉರ್ದು ಇದ್ದಂಗ. ಇವತ್ತು ಏಳಂಗಿಲ್ಲ, ಕಾಲು ನೋವು ಅಂದಾಳ ಪಾಪ."

ಮುಗಿಯಿತಲ್ಲ! ಬೆಂಚು ಗೆದ್ದೇ ಬಿಟ್ಟಿತು. ಪಾಪ ಎಂದವರೇ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಅಮರಗುಂಡಪ್ಪ ಬಂದ. ಅಡತಿ ವ್ಯಾಪಾರದ ಮನೆಯ ಹುಡುಗ, ಮಾತು ಕಡಿಮೆ, ತೂಕ ಹೆಚ್ಚು. ಅವನನ್ನು ಸುತ್ತುಗಟ್ಟಿ ಎಲ್ಲರೂ ಒಂದೇ ಮಾತು ಹಿಡಿದರು. ಬಸ್ಸಪ್ಪನನ್ನು ಮುಂದಕ್ಕೆ ಕಳಿಸು, ಗೋಲು ಹೊಡೆಯಲಿ. ನಿತಾಯಿ ಆಡಿದರೂ ಕುಂಟುತ್ತ ಆಡುತ್ತಾನೆ.

"ಕುಂಟೋನ ಹಿಂದ ಯಾರು ಓಡಿದ್ರೇನು? ನಮ್ಮ ಅಂಬಪ್ಪನೇ ಸಾಕು," ಎಂದ ವೆಂಕೋಬ.

ಇದು ಸನ್ಮಾನವೋ ಅವಮಾನವೋ ಅಂಬಪ್ಪನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ. ಅಮರಗುಂಡಪ್ಪ ಅವನ ಕಡೆ ತಿರುಗಿ, "ಅಂಬಣ್ಣ, ನಾಳಿ ನೀ ಆಡ್ತಿ," ಎಂದಾಗ ಕೈಯಲ್ಲಿದ್ದ ಚಾ ತುಳುಕಿ ಅಂಗಿಯ ಮೇಲೆ ಬಿತ್ತು. ಗಿರಣಿಗೆ ಹೋಗುವ ದಾರಿಯನ್ನೇ ಬಿಟ್ಟು ಮೊದಲು ಮನೆಗೆ ಹೋಗಿ ಹೆಂಡತಿಗೆ ಹೇಳಿ ಬಂದ. ಅಷ್ಟು ಸಂತೋಷವಾಗಿತ್ತು ಅವನಿಗೆ.

ಮಧ್ಯಾಹ್ನ ಕ್ಯಾಂಪಿನ ಹರಿಪದ ಎಂಬ ಮುದುಕ ಬಂಡಿಯಲ್ಲಿ ಭತ್ತ ತಂದ. ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದ, ನಡುನಡುವೆ ತನ್ನ ಮಾತೂ ಬೆರೆಯುತ್ತಿತ್ತು. ಚೀಲಗಳೆಲ್ಲ ಇಳಿದ ಮೇಲೆ, "ಇನ್ನ ಹತ್ತು ಚೀಲ ಕಾಲ್ ತರ್ತೀನಿ," ಎಂದ.

"ಹತ್ತು ಚೀಲ ಕಾಲಾಗ ಹ್ಯಾಂಗ ತರ್ತಿ ಯಜಮಾನ? ಬಂಡಿ ತಗೊಂಡು ಬಾ," ಎಂದ ಅಂಬಪ್ಪ, ಹಗುರ ಮನಸ್ಸಿನಿಂದ.

ಮುದುಕ ಬಾಯ್ತುಂಬ ನಕ್ಕ. "ನಾಳಿ ಮಾರಾಯಾ, ನಾಳಿ! ನಮ್ಮ ಮಾತಿನ್ಯಾಗ ಕಾಲ್ ಅಂದ್ರ ನಾಳಿ. ಮುಂಜಾನಿ ಭತ್ತ ಹಾಕಿ, ಮಧ್ಯಾಹ್ನ ಆಟ ನೋಡಿ ಹೋಗ್ತೀನಿ."

ಅಂಬಪ್ಪನ ಕೈ ತಕ್ಕಡಿಯ ಮೇಲೇ ನಿಂತಿತು. ಮೆಲ್ಲಗೆ ಕೇಳಿದ. "ನಿತಾಯಿ ಕಾಲು... ಅಂದ್ರ ನಡಿಯೋ ಕಾಲು, ಹ್ಯಾಂಗೈತಿ?"

"ಅವನ ಕಾಲಿಗೇನಾಗೈತಿ? ಗಂಗಾವತಿ ಕಡೆ ಅಕ್ಕನ ಮನಿಗೆ ಹೋಗ್ಯಾನ. ನಾಳಿ ಮುಂಜಾನಿ ಬರ್ತಾನ."

"ಮತ್ತ ಅವರವ್ವ ಅರಿಷಿಣ ಅರಿಯಾಕತ್ತಿದ್ಳಂತಲ್ಲ?"

"ಮೀನಿಗೆ ಅರಿಷಿಣ ಹಚ್ಚಬೇಕಲ್ಲಪಾ," ಎಂದ ಮುದುಕ. ಇವನಿಗೇನಾಗಿದೆ ಎಂಬಂತೆ ನೋಡಿ ಬಂಡಿ ಹತ್ತಿದ.

ಆಮೇಲೆ ಅಂಬಪ್ಪ ತೂಗಿದ ಚೀಲವನ್ನೇ ಎರಡೆರಡು ಸಲ ತೂಗಿದ. ಹೇಳಿದರೆ ಜಾಗ ಹೋಗುತ್ತದೆ. ಹೇಳದಿದ್ದರೆ? ಹೇಳದೆ ಇರುವುದು ಸುಳ್ಳೇನಲ್ಲವಲ್ಲ. ತಪ್ಪು ತಿಳಿದದ್ದು ವೆಂಕೋಬ, ತೀರ್ಪು ಕೊಟ್ಟದ್ದು ಹಾಜಿಸಾಬರು, ಆರಿಸಿದ್ದು ಅಮರಗುಂಡಪ್ಪ. ಇದರಲ್ಲಿ ತನ್ನದೇನಿದೆ? ಮುಂದಿನ ವರ್ಷ ಮೂವತ್ತೇಳು. ಮುಂದಿನ ವರ್ಷ ಯಾರು ಕರೆಯುತ್ತಾರೆ? ಆದರೆ ಚಿಗರೆಯ ಹಾಗೆ ಓಡುವ ನಿತಾಯಿಯ ಹಿಂದೆ ತಾನು ಏದುಸಿರು ಬಿಡುತ್ತ ಓಡುವುದೂ ಕಣ್ಣಿಗೆ ಕಟ್ಟುತ್ತಿತ್ತು. ತಂಡ ಸೋಲುವುದು ತನ್ನ ಆಸೆಯಿಂದ ಎಂದಾದರೆ, ಅದನ್ನು ಎಲ್ಲಿಟ್ಟುಕೊಳ್ಳುವುದು?

ಸಂಜೆ ಮನೆಗೆ ಬಂದರೆ ಹೆಂಡತಿ ಕನಕಮ್ಮ ತಂಡದ ಅವನ ನೀಲಿ ಬನಿಯನ್ ಒಗೆದು, ಹೊಲಿಗೆ ಬಿಚ್ಚಿದ ಕಡೆ ಹೊಲಿಯುತ್ತಿದ್ದಳು. "ಬಳಗಾನೂರಿನ ಅಣ್ಣಗ ಬಸ್ಸಿನ್ಯಾಗ ಹೇಳಿ ಕಳಿಸೀನಿ. ನಾಳಿ ಮನಿಮಂದೆಲ್ಲ ಬರ್ತಾರ," ಎಂದಳು. "ಹನ್ನೆರಡು ವರ್ಷ ನಿಂಬಿಹಣ್ಣು ಹೆಚ್ಚಿದ್ದು ಸಾಕು. ನಾಳಿ ಬ್ಯಾರೆದೋರು ಹೆಚ್ಚಲಿ."

ಅಂಬಪ್ಪ ಬನಿಯನ್ನಿನ ಕಡೆ ಒಮ್ಮೆ ನೋಡಿದ. ಈಗ ಬಂದೆ ಎಂದು ಹೋಟೆಲಿನ ಕಡೆ ನಡೆದ.

ಅಲ್ಲಿ ಬೆಂಚು ಆಗಲೇ ಮೂರು-ಸೊನ್ನೆಯಲ್ಲಿ ಗೆದ್ದು, ನಾಲ್ಕನೆಯ ಗೋಲು ಯಾರದು ಎಂದು ಜಗಳ ಹಚ್ಚಿತ್ತು. ಅಮರಗುಂಡಪ್ಪನೂ ಇದ್ದ, ಬಸ್ಸಪ್ಪನೂ ಇದ್ದ. ಅಂಬಪ್ಪ ಕೂರಲಿಲ್ಲ. ನಿಂತೇ ಹೇಳಿದ.

"ನಿತಾಯಿ ಕಾಲಿಗೆ ಏನೂ ಆಗಿಲ್ರಿ. ಅವರ ಮಾತಿನ್ಯಾಗ ಕಾಲ್ ಅಂದ್ರ ನಾಳಿ. ಅವನು ಊರಾಗ ಇಲ್ಲ, ನಾಳಿ ಬರ್ತಾನ ಅಂದಾಳ ಅವರವ್ವ. ಅರಿಷಿಣ ಮೀನಿಂದು."

ವೆಂಕೋಬ ಗೊಳ್ಳೆಂದು ನಕ್ಕ. "ಹೆದರ್ಯಾನ್ರೀ ಇಂವ! ಅಂಬ್ಯಾ, ಆಡಾಕ ಧೈರ್ಯ ಇಲ್ಲಂದ್ರ ಹಂಗ ಹೇಳಲೇ, ಕತಿ ಕಟ್ಟಬ್ಯಾಡ."

ಗೆದ್ದ ಆಟವನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ, ಎಲ್ಲರೂ ನಕ್ಕರು. ಅಂಬಪ್ಪನ ಮುಖ ಕೆಂಪಾಯಿತು. ನಿಜ ಹೇಳಿದ್ದಕ್ಕೆ ಹೇಡಿ ಎನ್ನಿಸಿಕೊಳ್ಳಬೇಕಾಯಿತಲ್ಲ ಎಂದು ಸಿಟ್ಟೂ ಬಂತು. ಆದರೆ ಹಾಜಿಸಾಬರು ನಗುತ್ತಿರಲಿಲ್ಲ. ಅವರ ತುಟಿ ಅಲುಗುತ್ತಿತ್ತು. ಆಜ್, ಕಲ್. ಆಜ್, ಕಾಲ್. ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಉರ್ದುದಾಗೂ ನಾಳಿ ಅಂದ್ರ ಕಲ್! ಹುಟ್ಟಿದಾಗಿಂದ ದಿನಾ ಕಲ್ ಕಲ್ ಅನ್ನೋನಿಗೆ ಹೊಳೀಲಿಲ್ಲಲ್ಲೋ ಇದು! ಖರೇ ಹೇಳ್ತಾನ ಅಂಬಪ್ಪ. ನಾವೇ ಕತ್ತೆಗಳು."

ವೆಂಕೋಬನ ನಗು ಬಾಯಲ್ಲೇ ಉಳಿಯಿತು. "ಹಂಗಾದ್ರ ಬಸ್ಸಪ್ಪ ಹಿಂದಕ ಬರಬೇಕಾಕ್ಕೈತಿ," ಎಂದ ಅಮರಗುಂಡಪ್ಪ. "ಅಂಬಣ್ಣ, ನೀ..."

"ನಾ ಹೊರಗ ಕೂಡ್ತೀನಿ. ಅದಕ್ಕೇ ಹೇಳೀನಿ," ಎಂದ ಅಂಬಪ್ಪ. ಹೇಳಿ ಹೋಗಿಬಿಡಬೇಕೆಂದಿದ್ದ. ಎರಡು ಹೆಜ್ಜೆ ಹಾಕಿ, ತಿರುಗಿ ಬಸ್ಸಪ್ಪನನ್ನು ಕರೆದ. "ಬಾ ಇಲ್ಲಿ. ಚೆಂಡು ತಗೊಂಡು ಬಾ."

ನಿತಾಯಿ ಆಡಿದ ಮೂರೂ ಫೈನಲ್ ಹೊರಗೆ ಕೂತು ನೋಡಿದವನಿಗೆ ನಿತಾಯಿ ಬಾಯಿಪಾಠವಾಗಿದ್ದ. ಹೋಟೆಲಿನ ಮುಂದಿನ ಬಯಲಲ್ಲಿ ಅಂಬಪ್ಪ ತಾನೇ ನಿತಾಯಿಯಾದ. "ಅಂವ ಬಲಕ್ಕ ಹೊಂಟಂಗ ಮಾಡ್ತಾನ. ಕಣ್ಣು ನೋಡಬ್ಯಾಡ, ಮೋಸ ಹೋಗ್ತಿ. ಎಡಗಾಲಿನ ಹಿಮ್ಮಡ ನೋಡು. ಅದು ನೆಲ ಬಿಡ್ತಂದ್ರ ಎಡಕ್ಕ ಹೊಳ್ಳತಾನ." ಹೇಳಿ ತೋರಿಸಿದ. ಬಸ್ಸಪ್ಪ ಬಲಕ್ಕೆ ಓಡಿ ದಾರಿ ತಪ್ಪಿದ, ಅಂಬಪ್ಪ ಎಡಕ್ಕೆ ಹೊರಳಿ ದಾಟಿಬಿಟ್ಟ. ಮತ್ತೊಮ್ಮೆ ದಾಟಿದ. ಬೆಂಚಿನವರು ಚಾ ಮರೆತು ಎದ್ದು ನಿಂತಿದ್ದರು. ಐದನೆಯ ಸಲ ಬಸ್ಸಪ್ಪನ ಕಾಲು ಸರಿಯಾಗಿ ಅಡ್ಡ ಬಂತು. ಚೆಂಡು ಅಂಬಪ್ಪನ ಕಾಲಿನಿಂದ ಜಾರಿ ಹೋಯಿತು.

"ಹಾಂ! ಹಿಂಗೇ ಆಡು," ಎಂದ ಅಂಬಪ್ಪ, ಮೊಳಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತ.

ಮನೆಗೆ ಬಂದು ಎಲ್ಲವನ್ನೂ ಕನಕಮ್ಮನಿಗೆ ಹೇಳಿದ. ಅವಳು ಬನಿಯನ್ ಮಡಚುವುದನ್ನು ನಿಲ್ಲಿಸಿದಳು.

"ಹೇಳದ ಇದ್ರ ಯಾರಿಗೆ ಗೊತ್ತಾಕ್ಕಿತ್ತು?"

"ನಿತಾಯಿ ಒಂದ್ಸಲ ಓಡಿದ್ರ ಇಡೀ ಸಿಂಧನೂರಿಗೇ ಗೊತ್ತಾಕ್ಕಿತ್ತು."

ಕನಕಮ್ಮ ನಕ್ಕುಬಿಟ್ಟಳು. ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಅವನ ಕಣ್ಣು ತುಂಬಿತ್ತು. ಅವನು ಅದನ್ನು ಮುಚ್ಚಿಡಲೂ ಇಲ್ಲ.

"ಭಾಳ ಸಂಕಟ ಆಗೈತಿ ಕನಕಿ," ಎಂದ.

ಅವಳು ಪಕ್ಕದಲ್ಲಿ ಬಂದು ಕೂತಳು. "ಅಣ್ಣಗ ಬರಬ್ಯಾಡ ಅಂತ ಹೇಳಿ ಕಳಿಸಲೇನು?"

"ಯಾಕ? ಬರಲಿ," ಎಂದ ಅಂಬಪ್ಪ. "ಬಸ್ಸಪ್ಪನ್ನ ತೋರಿಸಿ ಹೇಳು. ಅಂವ ಆಡೋದ್ರಾಗ ಅರ್ಧ ಆಟ ನಂದು ಅಂತ."