ಮಡಿ ನೀರು

ಶಿವಯೋಗೆಪ್ಪ ಕಂಪೌಂಡರನಷ್ಟು ಚೊಕ್ಕ ಮನುಷ್ಯ ಜತ್ತ ತಾಲೂಕಿನಲ್ಲೇ ಇನ್ನೊಬ್ಬನಿಲ್ಲ. ಹಾಗೆಂದು ಮೊದಲು ಹೇಳಿದವನು ಅವನೇ, ಆಮೇಲೆ ಊರೂ ಹೇಳತೊಡಗಿತು. ದಿನಾ ನಸುಕಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಮಠದ ಬಾವಿಗೆ ಹೋಗಿ, ಲಿಂಗಪೂಜೆಗೆಂದು ಒಂದು ತಾಮ್ರದ ತಂಬಿಗೆ ನೀರು ಸೇದಿ ಬಿಳಿ ಬಟ್ಟೆಯಲ್ಲಿ ಸೋಸಿ ತರುತ್ತಿದ್ದ. ಆ ತಂಬಿಗೆಯನ್ನು ಹೆಂಡತಿ ಸಂಗವ್ವ ಕೂಡ ಮುಟ್ಟುವಂತಿರಲಿಲ್ಲ. ಪರಊರಿಗೆ ಕೆಲಸಕ್ಕೆ ಹೋದರೂ ತಂಬಿಗೆ ಅವನ ಜೊತೆಗೇ ಹೋಗುತ್ತಿತ್ತು.

ಜತ್ತದ ರಾಜರ ಸಂಸ್ಥಾನ ಹೋಗಿ ಮೂರು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಡಫಳಾಪುರದ ಶಾಲೆಯೊಳಗೆ ಕಣ್ಣಿನ ಶಿಬಿರ ನಡೆಯಿತು. ಪೊರೆ ತೆಗೆಯುವವರು ದೂರದ ಊರಿಂದ ಬಂದ ಬಾಳಾಸಾಹೇಬ ಡಾಕ್ಟರು. ಅವರ ಚಿಮಟ, ಕತ್ತರಿ ಕುದಿಸುವುದು, ಕಣ್ಣು ತೊಳೆಯುವ ಉಪ್ಪುನೀರನ್ನು ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸಿ ಸೀಸೆಗೆ ತುಂಬುವುದು ಶಿವಯೋಗೆಪ್ಪನ ಕೆಲಸ. ಮೂರು ದಿನ ಎಲ್ಲ ಸುಸೂತ್ರವಾಗಿ ನಡೆಯಿತು.

ನಾಲ್ಕನೆಯ ದಿನ ಕಟ್ಟಕಡೆಯವನು ಅಮಸಿದ್ದ, ಕುರಿ ಕಾಯುವ ಮುದುಕ. ಅವನನ್ನು ಮೇಜಿನ ಮೇಲೆ ಮಲಗಿಸಿ ಕಣ್ಣು ಕೊಯ್ಯಲು ಶುರುಮಾಡಿದ ಮೇಲೆ ಶಿವಯೋಗೆಪ್ಪ ಸೀಸೆ ಎತ್ತಿ ನೋಡುತ್ತಾನೆ, ತಳ ಕಾಣುತ್ತಿದೆ. ಸ್ಟೋದಲ್ಲಿ ಎಣ್ಣೆ ತೀರಿದೆ. ಒಳಗಿನಿಂದ ಡಾಕ್ಟರು, “ನೀರು ತಾ, ಲಗೂನ!” ಎಂದು ಕೂಗಿದರು. ಮೂಲೆಯಲ್ಲಿ ತಂಬಿಗೆ ಇತ್ತು. ಆ ದಿನದ ಅವಸರದಲ್ಲಿ ಪೂಜೆಗೆ ಅರ್ಧ ನೀರಷ್ಟೇ ಬಳಸಿದ್ದ. ಇದಕ್ಕಿಂತ ಚೊಕ್ಕ ನೀರು ಲೋಕದಲ್ಲಿ ಯಾವುದಿದೆ ಎಂದುಕೊಂಡು ಸೀಸೆಗೆ ಸುರಿದ. ಕಳ್ಳತನ ಮಾಡುವವನಿಗಾದರೂ ಎದೆ ಹೊಡೆದುಕೊಳ್ಳುತ್ತದೆ, ಇವನಿಗೆ ಅದೂ ಇಲ್ಲ, ಅಷ್ಟು ನಂಬಿಕೆ.

ಅದಾದ ಮೂರನೆಯ ದಿನ ಅಮಸಿದ್ದ ನೋವಿನಿಂದ ಹಲ್ಲು ಕಚ್ಚತೊಡಗಿದ. ಪಟ್ಟಿ ಬಿಚ್ಚಿದರೆ ಕಣ್ಣತುಂಬ ಕೀವು. ಪಟ್ಟಿಯ ಅಂಚಿಗೆ ಅರಿಶಿನದ ಬಣ್ಣ ಹತ್ತಿತ್ತು.

“ಯಾರು ಹಚ್ಚಿದ್ದು ಇದನ್ನ?” ಡಾಕ್ಟರು ಗುಡುಗಿದರು.

ಅಮಸಿದ್ದನ ಹೆಂಡತಿ ಯಲ್ಲವ್ವ ಸೆರಗು ಬಾಯಿಗೆ ಹಿಡಿದು ಮುಂದೆ ಬಂದಳು. “ನಾನ್ರಿ ಯಪ್ಪಾ. ಬೀರದೇವರ ಅರಿಶಿನದ ಭಂಡಾರ. ಪಟ್ಟಿ ಮ್ಯಾಲ ಒಂದ್ ಚಿಟಿಕಿ ಹಚ್ಚೀನಿ. ಒಳಗ ಹಚ್ಚಿಲ್ರಿ.”

“ಗಂಡನ ಕಣ್ಣು ನೀನೇ ಕಳದಿ!” ಎಂದ ಡಾಕ್ಟರು ಶಿವಯೋಗೆಪ್ಪನತ್ತ ತಿರುಗಿ, “ನೀರು ಸರಿಯಾಗಿ ಕುದಿಸಿದ್ದಿ ಹೌದಲ್ಲೋ?” ಎಂದು ಕೇಳಿದರು.

ಶಿವಯೋಗೆಪ್ಪನಿಗೆ ಆಗ ತಂಬಿಗೆ ನೆನಪಾಯಿತು. ಆದರೂ ನಾಲಿಗೆ ಹೊರಳಿತು. “ಹೌದ್ರಿ ಸಾಹೇಬ್ರ. ಇಪ್ಪತ್ತ ಮಿನಿಟ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅಮಸಿದ್ದನ ಕಣ್ಣು ಹೋಯಿತು, ಬರೆ ಯಲ್ಲವ್ವನಿಗೆ ಬಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಶಿವಯೋಗೆಪ್ಪ ಹೇಗೋ ಮರೆತುಬಿಡುತ್ತಿದ್ದನೋ ಏನೋ. ಆದರೆ ಮರುವರ್ಷದಿಂದ ಡಾಕ್ಟರು ಒಂದು ಕಾಯ್ದೆ ಮಾಡಿದರು. ಶಿಬಿರ ಶುರುವಾಗುವ ಮೊದಲು ರೋಗಿಗಳ ಮನೆಯವರನ್ನೆಲ್ಲ ಕೂರಿಸಿ, ಪಟ್ಟಿಗೆ ಕೈ ಹಚ್ಚಬಾರದೆಂದು ತಿಳಿಹೇಳಬೇಕು. ಕನ್ನಡದಲ್ಲಿ ಚೆನ್ನಾಗಿ ಹೇಳುವವನು ಶಿವಯೋಗೆಪ್ಪನೇ ಅಲ್ಲವೇ? ಸರಿ, ಊರೂರಲ್ಲಿ ಎದ್ದು ನಿಂತು ಅವನು ಹೇಳಬೇಕಾಯಿತು: ಡಫಳಾಪುರದಾಗ ಒಬ್ಬಾಕಿ ಭಂಡಾರ ಹಚ್ಚಿದಳು, ಗಂಡನ ಕಣ್ಣು ಕಳಕೊಂಡಳು. ಪಟ್ಟಿ ಮುಟ್ಟಬಾರದೆಂಬ ಮಾತು ಸುಳ್ಳಲ್ಲ, ಅದಕ್ಕೆ ಕಟ್ಟಿದ ಕಥೆ ಸುಳ್ಳು. ಹೇಳಿ ಹೇಳಿ ಕಥೆಗೆ ಕೈಕಾಲು ಬಂದವು. ಚಿಟಿಕೆ ಭಂಡಾರ ಜನರ ಬಾಯಲ್ಲಿ ಬೊಗಸೆಯಾಯಿತು.

ಆಮೇಲಿನ ಶಿಬಿರಗಳಲ್ಲಿ ಒಂದು ಕಣ್ಣೂ ಕೆಡಲಿಲ್ಲ. ಎಲ್ಲರೂ ಅವನ ಮಾತಿನ ಗುಣವೆಂದರು. ಅವನು ಈಗ ತಂಬಿಗೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ, ಎರಡು ಡಬ್ಬಿ ಎಣ್ಣೆ ಹೆಚ್ಚಿಗೆ ತರುತ್ತಾನೆ, ನೀರನ್ನು ನಲವತ್ತು ನಿಮಿಷ ಕುದಿಸುತ್ತಾನೆ. ಇದನ್ನು ಯಾರೂ ಗಮನಿಸಲಿಲ್ಲ.

ನಾಲ್ಕು ವರ್ಷದ ಮೇಲೆ ಮುಚ್ಚಂಡಿಯಲ್ಲಿ ಶಿಬಿರ ಕೂಡಿತು. ಉಳಿದ ಕಣ್ಣಿಗೂ ಪೊರೆ ಬಂದಿದ್ದ ಅಮಸಿದ್ದ ಕೋಲಿನ ಒಂದು ತುದಿ ಹಿಡಿದು ನಡೆದು ಬಂದ. ಇನ್ನೊಂದು ತುದಿ ಯಲ್ಲವ್ವನ ಕೈಯಲ್ಲಿತ್ತು. ಅವನನ್ನು ಪಡಸಾಲೆಗೆ ಬಿಟ್ಟು ಅವಳು ದೂರ ಹೋಗಿ ಅಂಗಳದ ಗೋಡೆಗೆ ಆತು ಕೂತಳು.

“ಕಂಪೌಂಡರ್‌ರೇನ್ರಿ?” ಅಮಸಿದ್ದ ದನಿ ಗುರುತಿಸಿ ಕೇಳಿದ. “ಆಕಿಗೆ ನೀವರ ಒಂದ್ ಮಾತ್ ಹೇಳ್ರಿ. ನಾಕ ವರ್ಷಾತು, ನನ್ನ ಮಾರಿ ಮುಟ್ಟಿಲ್ಲ. ಮೈಯಾಗ ಜ್ವರ ಬಂದ್ರೂ ಹಣಿಮ್ಯಾಲ ಕೈ ಇಡಂಗಿಲ್ಲ. ತನ್ನ ಕೈ ಕೆಟ್ಟದ್ದು ಅಂತಾಳ. ಕಣ್ಣ ಹೋದದ್ದು ನಾ ತಡಕೊಂಡೀನಿ, ಇದನ್ನ ತಡಕೊಳ್ಳಾಕಾಗವಲ್ದು.”

ಶಿವಯೋಗೆಪ್ಪ ಅವನ ಹೆಗಲು ತಟ್ಟಿದ. ಅಷ್ಟರಲ್ಲಿ ಜನ ಕೂತಿದ್ದರು. ಡಾಕ್ಟರು ಒಳಗಿನಿಂದ, “ಹೇಳೋ” ಎಂದರು.

ಅವನು ಎದ್ದು ನಿಂತ. “ಡಫಳಾಪುರದಾಗ ಒಬ್ಬಾಕಿ” ಎಂದು ರೂಢಿಯಂತೆ ಶುರುಮಾಡಿದ. ಗೋಡೆಯ ಬುಡದಲ್ಲಿ ಯಲ್ಲವ್ವ ತಲೆ ಇನ್ನಷ್ಟು ತಗ್ಗಿಸಿದ್ದನ್ನು ಕಂಡ.

“ಅಲ್ರಿ,” ಎಂದ. “ಆಕಿ ಭಂಡಾರದಿಂದ ಕಣ್ಣ ಹೋಗಿಲ್ಲ. ಕುದಿಸಲಾರದ ನೀರಿನಿಂದ ಹೋಗ್ಯಾದ. ಹಾಕಿದಾವ ನಾನು. ನನ್ನ ಪೂಜಿ ತಂಬಿಗಿ ನೀರು. ನಾಕ ವರ್ಷ ನಿಮಗೆಲ್ಲಾ ಸುಳ್ಳ ಹೇಳೀನಿ.”

ಬಾಳಾಸಾಹೇಬ ಡಾಕ್ಟರು ಬಾಗಿಲಿಗೆ ಬಂದು ನಿಂತರು. ನಾಲ್ಕು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದೀತೆಂದು ಶಿವಯೋಗೆಪ್ಪ ಕಾದ.

ಗೋಡೆಯ ಬುಡದಿಂದ ಯಲ್ಲವ್ವ ಎದ್ದಳು. “ನಂಬಬ್ಯಾಡ್ರಿ ಯಣ್ಣಾರ. ಲಿಂಗದ ಮ್ಯಾಲ ಹಾಕೂ ನೀರು. ಅಂಥ ಮಡಿ ನೀರಿಗೆ ಎಲ್ಲರೆ ಕಣ್ಣ ಹೋಗ್ತಾವೇನು? ದೊಡ್ಡ ಮನಷ್ಯಾರು, ನನ್ನ ಪಾಪ ತಮ್ಮ ತಲಿಮ್ಯಾಲ ತಗೊಳ್ಳಾಕ್ಹತ್ಯಾರ.”

“ಖರೇ ಹೇಳಾಕ್ಹತ್ತೀನಿ ತಾಯಿ, ಬೀರದೇವರಾಣಿ!”

“ಆಣಿ ಮಾಡಬ್ಯಾಡ್ರಿ. ನನ್ನ ಸಲವಾಗಿ ನಿಮಗ್ಯಾಕ ದೋಷ.”

“ಖರೇ ಅದ ಬಿಡ್ರಿ, ಮಡಿ ನೀರಿಗೆ ಏನಾಗ್ತದ” ಎಂದು ಜನ ತಲೆಯಾಡಿಸಿದರು. ಕೆಲವರು ಅವನಿಗೆ ಕೈಮುಗಿದರು. ನಂಬಿದವರು ಡಾಕ್ಟರು ಒಬ್ಬರೇ. ಒಳಗೆ ಹೋಗಿ, ತುಂಬಿಟ್ಟಿದ್ದ ಸೀಸೆಯ ನೀರನ್ನು ಹೊರಗೆ ಚೆಲ್ಲಿ, ಹೊಸ ನೀರನ್ನು ತಾವೇ ಸ್ಟೋದ ಮೇಲಿಟ್ಟು ಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೂತರು.

ಯಲ್ಲವ್ವ ಅಂಗಳ ದಾಟಿ ಶಿವಯೋಗೆಪ್ಪನ ಎದುರು ಬಂದಳು. ಎರಡು ಮಾರು ದೂರದಲ್ಲೇ ನಿಂತು, ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದಳು. ಹತ್ತಿರ ಬಂದು ಅವನ ಪಾದ ಮಾತ್ರ ಮುಟ್ಟಲಿಲ್ಲ.

“ನನ್ನ ಕೈ ಚಲೋ ಅಲ್ರಿ” ಎಂದಳು.