ಬಂಡೆಪ್ಪ ಮಾಸ್ತರರ ಬಾಣಗಳು

“ಮೂವತ್ತೆರಡು ವರ್ಷದಾಗ ಬೋರ್ಡಿನ ಮ್ಯಾಲ ನಾ ತಗದ ಬಾಣ ಒಂದೂ ತಪ್ಪು ದಿಕ್ಕಿಗೆ ಹೋಗಿಲ್ಲ” ಎಂದು ಬಂಡೆಪ್ಪ ಮಾಸ್ತರರು ಹೇಳಿದರೆ, ಖಾನಾಪುರದ ಗಾಳಿಯೂ ಒಂದು ಕ್ಷಣ ನಿಂತು, ತಾನು ಬೀಸುತ್ತಿರುವ ದಿಕ್ಕು ಸರಿಯೇ ಎಂದು ನೋಡಿಕೊಳ್ಳುತ್ತಿತ್ತು. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಈ ಮಹಾನುಭಾವರ ನಡಿಗೆಯೇ ಒಂದು ಪಾಠ. ಯಾವ ಬಯಲನ್ನೂ ಅವರು ಅಡ್ಡ ಹಾಯ್ದವರಲ್ಲ. ಕಾಲೇಜಿನ ಚೌಕಾಕಾರದ ಅಂಗಳದಲ್ಲಿ ಊರೆಲ್ಲ ಓರೆಯಾಗಿ ನಡೆದು ಸವೆಸಿದ ಕಾಲುದಾರಿ ಇದ್ದರೂ, ಮಾಸ್ತರರು ಗೇಟಿನಿಂದ ನೆಟ್ಟಗೆ ಪೂರ್ವಕ್ಕೆ ಹೋಗಿ, ಗೋಡೆ ಮುಟ್ಟಿದ ಮೇಲೆ ನೆಟ್ಟಗೆ ಉತ್ತರಕ್ಕೆ ತಿರುಗುವರು. ಮೊದಲು ಎಕ್ಸ್, ಆಮೇಲೆ ವೈ. ಒಮ್ಮೆ ತೆಂಗಿನಕಾಯಿ ಗಾತ್ರದ ಆಲಿಕಲ್ಲು ಬೀಳುವಾಗಲೂ ಹಾಗೆಯೇ ನಡೆದು, ತಲೆಯ ಮೇಲೆದ್ದ ಎರಡು ಬುಗುಟೆಗಳ ನಡುವಿನ ಅಂತರವನ್ನು ಅಳೆದುಕೊಂಡರೆಂಬುದು ಪ್ರತೀತಿ.

ಮೈಮೇಲೊಂದು ಕಂದು ಕೋಟು. ಅದನ್ನು ಒಮ್ಮೆ ಕೊಡವಿದರೆ ಉದುರುವ ಸೀಮೆಸುಣ್ಣದಲ್ಲಿ ಎರಡಂಕಣದ ಮನೆಗೆ ಸುಣ್ಣ ಹೊಡೆಯಬಹುದು. ಬಲಗಿಸೆಯಲ್ಲಿ ಧನ ವಿದ್ಯುದಾವೇಶಗಳೆಂದು ಹುಣಸೆಬೀಜ, ಎಡಗಿಸೆಯಲ್ಲಿ ಋಣಾವೇಶಗಳೆಂದು ಅವರೆಕಾಳು. ಒಂದೇ ಜಾತಿಯವು ನೂಕಾಡುತ್ತವೆ, ಬೇರೆ ಜಾತಿಯವು ಸೆಳೆದುಕೊಳ್ಳುತ್ತವೆ ಎಂಬುದನ್ನು ಅವರು ಮದುವೆಮನೆಯ ಪಂಕ್ತಿಯಲ್ಲೂ ಬಾಳೆಯೆಲೆಯ ಮೇಲೆ ಕಾಳಿಟ್ಟು ತೋರಿಸಿದ್ದುಂಟು. ಯಾರೇನು ಹೇಳಿದರೂ ಮೊದಲ ಪ್ರಶ್ನೆ ದಿಕ್ಕಿನದು. ಪೀರನವಾಡಿಯ ಮನೆಯಲ್ಲಿ ಹೆಂಡತಿ ರೇಣವ್ವ, “ಮೊಣಕಾಲು ಜಗ್ಗಿದಂಗ ಆಗಾಕತ್ತೇತ್ರಿ” ಎಂದರೆ, “ಯಾವ ದಿಕ್ಕಿಗೆ?” ಎನ್ನುವರು.

“ನಮ್ಮ ತವರಮನಿ ದಿಕ್ಕಿಗೆ” ಎಂದು ಆಕೆ ಚಹಾ ಇಟ್ಟು ಹೋಗುವಳು.

ಖಾನಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತರೆಂದರೆ ಮಾಸ್ತರರು ಈ ಲೋಕದವರಲ್ಲ. ಮಾಘದ ಮಂಜಿನಲ್ಲಿ ಮರಗಳು ಬೇರು ಬಿಟ್ಟು ತೇಲುತ್ತಿರುವಂತೆ, ಮಲಪ್ರಭೆಯ ನೀರಿನಲ್ಲಿ ನಿಂತ ನಾಲ್ಕು ಎಮ್ಮೆಗಳು ನಾಲ್ಕು ಕರಿಯ ಬಿಂದುಗಳಾಗಿ ಸಮತಲದ ಮೇಲೆ ಉಳಿದಂತೆ, ಒಂದರಿಂದ ಇನ್ನೊಂದಕ್ಕೆ ಕಾಣದ ಬಾಣಗಳು ಹೊಗೆಯ ಎಳೆಗಳಾಗಿ ಚಾಚಿಕೊಂಡಂತೆ ಅವರಿಗೆ ಭಾಸವಾಗುತ್ತಿತ್ತು. ಜಗತ್ತೆಲ್ಲ ಒಂದನ್ನೊಂದು ಮೆಲ್ಲಗೆ ಎಳೆಯುತ್ತ, ಮೆಲ್ಲಗೆ ದೂಡುತ್ತ, ಅದೇ ಕಾರಣಕ್ಕೆ ಚದುರದೆ ನಿಂತಿದೆ ಎಂಬ ಸುಖದಲ್ಲಿ ಕಣ್ಣು ಅರೆಮುಚ್ಚುತ್ತಿತ್ತು.

ಅಂಥದೇ ಸುಖದಲ್ಲಿ, ತೊಡೆಯ ಮೇಲೆ ಕಾಗದವಿಟ್ಟುಕೊಂಡು, ಅವರು ಈ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯ ಮಾದರಿ ಉತ್ತರ ಬರೆದರು. ಐದು ಅಂಕದ ಪ್ರಶ್ನೆ: ಚೌಕದ ಒಂದು ಮೂಲೆಯಲ್ಲಿರುವ ಧನಾವೇಶವನ್ನು ಅಕ್ಕಪಕ್ಕದ ಮೂಲೆಗಳ ಎರಡು ಧನಾವೇಶಗಳು ಹತ್ತು ಹತ್ತು ನ್ಯೂಟನ್ ಬಲದಿಂದ ಹೊರಕ್ಕೆ ನೂಕುತ್ತವೆ, ಎದುರು ಮೂಲೆಯಲ್ಲಿ ಇಮ್ಮಡಿ ಋಣಾವೇಶ ಕುಳಿತು ಒಳಕ್ಕೆ ಎಳೆಯುತ್ತದೆ. ಕೊನೆಗೆ ಅದು ಯಾವ ಕಡೆ ಸರಿದೀತು? “ಒಳಕ್ಕೆ” ಎಂದು ಬರೆದು ಮಾಸ್ತರರು ಬಾಣ ಎಳೆದರು.

ಗುಂಜಿಯಿಂದ ರೈಲಿನಲ್ಲಿ ಬರುವ ತರನ್ನುಮ “ಹೊರಕ್ಕೆ” ಎಂದು ಬರೆದು ಸೊನ್ನೆ ಪಡೆದಳು. ಬೆಳಗಾವಿಯ ವಿಜ್ಞಾನ ಶಿಬಿರಕ್ಕೆ ಅರವತ್ತು ಅಂಕ ಬೇಕು. ಅವಳಿಗೆ ಬಂದದ್ದು ಐವತ್ತೇಳು. ದೂರದರ್ಶಕ ಎಂಬುದನ್ನು ಚಿತ್ರದಲ್ಲಷ್ಟೇ ಕಂಡಿದ್ದ ಹುಡುಗಿ, ಶಿಬಿರದಲ್ಲಿ ಅದಕ್ಕೆ ಕಣ್ಣಿಡುವುದನ್ನೇ ಎರಡು ತಿಂಗಳಿಂದ ಕನವರಿಸುತ್ತಿದ್ದಳು. ಪತ್ರಿಕೆ ಕೈಗೆ ಬಂದ ದಿನವೇ ನಾಲ್ಕು ಗಂಟೆಗೆ ಹೆಸರುಗಳ ಪಟ್ಟಿ ಹೋಗಬೇಕು. ಮೂರಕ್ಕೆ ಅವಳು ಉತ್ತರಪತ್ರಿಕೆ ಹಿಡಿದು ಮಾಸ್ತರರ ಮುಂದೆ ನಿಂತಳು.

“ಸರ್, ಎದುರು ಮೂಲಿ ಬಾಜು ಮೂಲಿಯಷ್ಟು ಹತ್ರ ಇಲ್ರಿ. ನೀವು ಎರಡಕ್ಕೂ ಒಂದ ದೂರ ಹಿಡದೀರಿ.”

“ಯಾರು, ನಾನ?”

“ನಾ ದಿನಾ ಅಂಗಳ ಅಡ್ಡ ಹಾಯ್ದು ಬರ್ತೀನ್ರಿ, ನನಗ ಗೊತ್ತದ. ನೀವು ಒಮ್ಮಿ ನಡದ ನೋಡ್ರಿ.”

ಮಾಸ್ತರರು ಎದ್ದು ಅಂಗಳದ ಮೂಲೆಗೆ ನಡೆದರು. ಬಳಿಕ ಇಳಿಬಿಸಿಲಿನಲ್ಲಿ, ನೀರಿಗಿಳಿಯುವವರಂತೆ ಕೋಟಿನ ಅಂಚನ್ನು ಎತ್ತಿ ಹಿಡಿದು, ಆ ಓರೆದಾರಿಯ ಮೇಲೆ ಮೊದಲ ಬಾರಿಗೆ ಕಾಲಿಟ್ಟರು. ವರಾಂಡದಲ್ಲಿ ಮೂರು ತರಗತಿಗಳು ಉಸಿರು ಬಿಗಿಹಿಡಿದವು. ಬದಿಯ ಉದ್ದ ಐವತ್ತು ಹೆಜ್ಜೆ ಎಂಬುದು ಅವರಿಗೆ ಬಾಯಿಪಾಠ. ಓರೆಯಲ್ಲಿ ಎಪ್ಪತ್ತು ದಾಟಿತು. ದೂರದ ವರ್ಗ ಇಮ್ಮಡಿ, ಬಲ ಅರ್ಧ. ಆದ್ದರಿಂದ ಎಳೆತ ಇಪ್ಪತ್ತಲ್ಲ, ಬರಿಯ ಹತ್ತು. ಒಂದಕ್ಕೊಂದು ಲಂಬವಾದ ಎರಡು ನೂಕು ಓರೆಯಲ್ಲಿ ಸೇರಿದರೆ ಹದಿನಾಲ್ಕು. ಆವೇಶ ಹೊರಕ್ಕೇ ಹೋಗುತ್ತದೆ.

“ಖರೇ ಐತಿ ಬಿಡವಾ” ಎಂದರು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಸೊನ್ನೆಯನ್ನು ಹೊಡೆದು ಐದು ಬರೆದರು. ಉಳಿದ ನಲವತ್ತು ಪತ್ರಿಕೆಗಳನ್ನೂ ತರಿಸಿ ತಿದ್ದಿದರು. ಮಾದರಿ ಉತ್ತರದ ಕೆಳಗೆ “ತಪ್ಪು ನನ್ನದು” ಎಂದು ರುಜು ಹಾಕಿದರು. ಪಟ್ಟಿಯಲ್ಲಿ ತರನ್ನುಮಳ ಹೆಸರು ಸೇರಿದಾಗ ನಾಲ್ಕಕ್ಕೆ ಎರಡು ನಿಮಿಷ ಬಾಕಿ ಇತ್ತು.

ಇಂಥವರದೊಂದು ಕುಲವಿದೆ. ಕಾಣುವ ದಾರಿಯಲ್ಲಿ ಎಡವುತ್ತಾರೆ, ಕಾಣದ ಬಲಗಳ ನಡುವೆ ಸಲೀಸಾಗಿ ಸಂಚರಿಸುತ್ತಾರೆ; ಜಂಬ ಬೆಟ್ಟದಷ್ಟಿದ್ದರೂ ನಿಜವೊಂದು ಎದುರು ಬಂದು ನಿಂತರೆ ಅದಕ್ಕೆ ಕುರ್ಚಿ ಬಿಟ್ಟುಕೊಡುತ್ತಾರೆ. ಲೋಕ ಅವರನ್ನು ನೋಡಿ ನಗುತ್ತದೆ, ಮಕ್ಕಳನ್ನು ಮಾತ್ರ ಅವರ ಬಳಿಗೇ ಕಳಿಸುತ್ತದೆ.

ಸಂಜೆಯ ಬಸ್ಸಿನಲ್ಲಿ ಇತಿಹಾಸದ ನಾಗಲಿಂಗ ಮಾಸ್ತರರು ಪಕ್ಕಕ್ಕೆ ಬಂದು ಕುಳಿತರು. ಅವರ ಪಾಠಕ್ಕೆ ಗೋಡೆಯ ಹಲ್ಲಿಯೂ ನಿದ್ದೆ ಹೋಗಿ ಕೆಳಗೆ ಬೀಳುವುದುಂಟು.

“ಏನ್ರಿ ಬಂಡೆಪ್ಪನವರ, ಇಡೀ ಕಾಲೇಜಿನ ಮುಂದ ಒಂದು ಹುಡಿಗಿ ಕಡಿಂದ ತಪ್ಪು ಹಿಡಿಸಿಕೊಂಡ್ರಲ್ಲಾ.”

ಬಂಡೆಪ್ಪ ಮಾಸ್ತರರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಹೌದ್ರಿ. ತಪ್ಪು ಹಿಡಿಯಾಕ ಪಾಠ ಕೇಳಿರಬೇಕಾಗತೈತಿ. ನಿಮಗ ಆ ಭಯ ಇಲ್ಲ ಬಿಡ್ರಿ.”